ಹಗೇವಿನ ದೀಪ, ಗಂಜಲದ ಚಿಪ್ಪು

ಒಬ್ಬ ದೊಡ್ಡ ಮನುಷ್ಯರನ್ನು ನಾನು ತುಂಬಿದ ಸಭೆಯಲ್ಲಿ ನಗೆಪಾಟಲು ಮಾಡಿದ್ದೇನೆ. ಅದು ಕೈ ತಪ್ಪಿ ಆದದ್ದಲ್ಲ, ತಿಂಗಳುಗಟ್ಟಲೆ ಕಾದು ಮಾಡಿದ್ದು. ಹಾಗೆ ಮಾಡಬಾರದಿತ್ತು ಎಂದು ಬುದ್ಧಿ ಹೇಳಿದವರು ಬೇಕಾದಷ್ಟು ಜನ. ಅವರಲ್ಲಿ ಯಾರ ತಾತನೂ ಹಗೇವಿಗೆ ಇಳಿದು ಸತ್ತವನಲ್ಲ.

ನಾನಾಗ ತಿಪಟೂರಿನ ಒಂದು ಸಣ್ಣ ವಸ್ತುಸಂಗ್ರಹಾಲಯದಲ್ಲಿ ಕೆಲಸಕ್ಕಿದ್ದೆ. ಹಳೆಯ ಕೊಬ್ಬರಿ ಮಂಡಿಯೊಂದರ ಕಟ್ಟಡದಲ್ಲಿ ಒಂದು ಟ್ರಸ್ಟಿನವರು ಅದನ್ನು ನಡೆಸುತ್ತಿದ್ದರು. ಕೂರಿಗೆ, ಕೊಳಗ, ಒನಕೆ, ಕುರಿ ಉಣ್ಣೆ ಕತ್ತರಿಸುವ ಕತ್ತರಿ, ಕಂಬಳಿ ಮಗ್ಗದ ಬಿಡಿ ತುಂಡುಗಳು. ಸುತ್ತಲಿನ ಹಳ್ಳಿಯವರು ಹಳೇ ಮನೆ ಕೆಡವಿ ಆರ್‌ಸಿಸಿ ಹಾಕಿಸುವಾಗ ಎಸೆಯುವುದಕ್ಕೂ ಮನಸ್ಸಿಲ್ಲದೆ, ಇಟ್ಟುಕೊಳ್ಳುವುದಕ್ಕೂ ಜಾಗವಿಲ್ಲದೆ ತಂದು ಒಪ್ಪಿಸಿದ ಸಾಮಾನು. ನಮ್ಮಂಥ ಹಲವು ಸಣ್ಣ ಸಂಗ್ರಹಾಲಯಗಳು ಸೇರಿ ಒಂದೇ ಡೇಟಾಬೇಸು ಮಾಡಿಕೊಂಡಿದ್ದವು. ಪ್ರತಿ ವಸ್ತುವಿಗೂ ಒಂದು ಸಂಖ್ಯೆ, ಫೋಟೊ, ಉದ್ದ ಅಗಲ, ಯಾವುದರಿಂದ ಮಾಡಿದ್ದು, ಏತಕ್ಕೆ ಬಳಸುತ್ತಿದ್ದರು ಎಂಬ ವಿವರ, ಕೊನೆಯಲ್ಲಿ ‘ಮಾಹಿತಿ ಕೊಟ್ಟವರು’ ಎಂಬ ಒಂದು ಸಾಲು. ಇದನ್ನೆಲ್ಲ ತುಂಬುವುದು ನನ್ನ ಕೆಲಸ. ನಾನು ಇಲ್ಲಿ ತುಂಬಿದ್ದನ್ನು ಉಳಿದ ಊರುಗಳವರೂ ತೆರೆದು ನೋಡಬಹುದಿತ್ತು. ಎಲ್ಲದರ ಮೇಲೆ ಒಬ್ಬರು ಸಂಯೋಜಕರು. ದೊಡ್ಡ ಊರಿನ ನಿವೃತ್ತ ಪ್ರಾಧ್ಯಾಪಕರು. ನಾವೆಲ್ಲ ಅವರನ್ನು ‘ಸರ್’ ಎನ್ನುತ್ತಿದ್ದೆವು. ಇಲ್ಲೂ ಹಾಗೇ ಕರೆಯುತ್ತೇನೆ, ಗೌರವದಿಂದಲ್ಲ.

ಏತಕ್ಕೆ ಬಳಸುತ್ತಿದ್ದರು ಎಂಬುದನ್ನು ನನಗೆ ಹೇಳುತ್ತಿದ್ದವಳು ನನ್ನ ಅವ್ವ. ನಮ್ಮ ಊರು ತುರುವೇಕೆರೆಯಿಂದ ಮಾಯಸಂದ್ರದ ಕಡೆಗೆ ಹೋಗುವ ದಾರಿಯಲ್ಲಿದೆ. ಅವ್ವ ಕಂಡವರ ಶೆಡ್ಡಿನಲ್ಲಿ ಕೊಬ್ಬರಿ ಒಡೆಯುವ ಕೂಲಿಗೆ ಹೋಗುತ್ತಿದ್ದಳು. ಸಂಜೆ ಅವಳು ಕೈಕಾಲು ತೊಳೆದು ಜಗಲಿಯ ಮೇಲೆ ಕೂತಾಗ ನಾನು ಆ ದಿನದ ಫೋಟೊಗಳನ್ನು ಫೋನಿನಲ್ಲಿ ಒಂದೊಂದಾಗಿ ಸರಿಸುತ್ತಿದ್ದೆ. ಅವಳು ಎಲೆಅಡಿಕೆ ಹಾಕಿಕೊಂಡು, ಕೆಲವಕ್ಕೆ ಒಂದು ಮಾತು, ಕೆಲವಕ್ಕೆ ಒಂದು ಪುರಾಣ ಹೇಳುತ್ತಿದ್ದಳು. ನಾನು ಬರೆದುಕೊಂಡು ಮರುದಿನ ತುಂಬುತ್ತಿದ್ದೆ. ಕೊನೆಯ ಸಾಲಿನಲ್ಲಿ ಅವಳ ಹೆಸರು ಹಾಕುತ್ತಿದ್ದೆ.

ಒಂದು ಸಂಜೆ ಕಬ್ಬಿಣದ ಸಣ್ಣ ದೀಪವೊಂದರ ಫೋಟೊ ಬಂತು. ಉದ್ದ ಸರಪಳಿ, ತುದಿಗೊಂದು ಬಳೆ. ‘ತೂಗುದೀಪ, ದೇವಸ್ಥಾನದ್ದು ಇರಬಹುದು’ ಎಂದು ನನಗಿಂತ ಮುಂಚೆ ಇದ್ದವರು ಚೀಟಿ ಅಂಟಿಸಿದ್ದರು. ಅವ್ವ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡಳು.

“ಯಾವನೇ ಯೇಳ್ದೋನು ದೇವಸ್ಥಾನದ್ದು ಅಂತ? ಹಗೇವಿಂದು ಕಣೇ ಇದು.”

ಹಗೇವು ಎಂದರೆ ರಾಗಿ ತುಂಬಿಡಲು ನೆಲದೊಳಗೆ ತೋಡುತ್ತಿದ್ದ ಆಳದ ಗುಂಡಿ. ಬಾಯಿ ಕಿರಿದು, ಹೊಟ್ಟೆ ದೊಡ್ಡದು. ವರ್ಷಗಟ್ಟಲೆ ಕಲ್ಲು ಮುಚ್ಚಿ ಮಣ್ಣು ಮೆತ್ತಿ ಇಟ್ಟರೆ ಒಳಗೆ ಕೆಟ್ಟ ಗಾಳಿ ಕಟ್ಟಿಕೊಳ್ಳುತ್ತದೆ. ಅದಕ್ಕೇ ಬಾಯಿ ತೆಗೆದ ಮೇಲೆ ಮೊದಲು ಬಳೆಗೆ ಹಗ್ಗ ಕಟ್ಟಿ ದೀಪ ಇಳಿಸಿ ನೋಡುತ್ತಿದ್ದರು. ದೀಪ ಉರಿದರೆ ಮನುಷ್ಯ ಇಳಿಯಬಹುದು, ಆರಿದರೆ ಇಳಿಯಬಾರದು. ಇಷ್ಟು ನನಗೂ ಗೊತ್ತಿತ್ತು. ಗೊತ್ತಿಲ್ಲದ್ದನ್ನು ಅವ್ವ ಅವತ್ತು ಹೇಳಿದಳು.

“ನಮ್ಮಪ್ಪ ದೀಪ ಇಳ್ಸಕ್ಕೆ ನನ್ ಕೈಲಿ ಹಗ್ಗ ಕೊಟ್ಟಿದ್ದ. ನಾನು ಈಟುದ್ದ ಇದ್ದೆ. ಅರ್ಧಕ್ಕೋಗಿ ದೀಪ ಆರೋಯ್ತು. ಅಪ್ಪಾ ಆರೋಯ್ತು ಅಂದೆ. ಎಣ್ಣೆ ಸಾಲ್ದೇನೋ ಬುಡು ಮಗಾ ಅಂದ. ಇಳ್ದ.”

“ಆಮೇಲೆ?”

“ಆಮ್ಯಾಕೇನು, ಮ್ಯಾಲಕ್ಕೆ ಹತ್ಲಿಲ್ಲ.”

ತಾತ ಅವ್ವನ ಚಿಕ್ಕಂದಿನಲ್ಲೇ ತೀರಿಕೊಂಡ ಎಂದಷ್ಟೇ ನಾನು ಕೇಳಿದ್ದೆ. ಜ್ವರವೋ ಹಾವೋ ಇರಬೇಕು ಎಂದುಕೊಂಡಿದ್ದೆ. ಇಷ್ಟು ವರ್ಷ ಅವಳು ಇದನ್ನು ನನ್ನ ಅಪ್ಪನಿಗೂ ಹೇಳಿರಲಿಲ್ಲವಂತೆ. ಬರೆಯಲಾ ಎಂದು ಕೇಳಿದೆ.

“ಬರಿ. ಎಣ್ಣೆ ಸಾಲ್ದೆ ದೀಪ ಆರಲ್ಲ ಅಂತ ಬರಿ. ಯಾರಾರ ಓದ್ಲಿ. ನನ್ನೆಸ್ರು ಹಾಕು. ನೋಡ್ದೋಳು ನಾನು.”

ಅಲ್ಲಿಯವರೆಗೆ ತನ್ನ ಹೆಸರು ಎಲ್ಲಿ ಹಾಕುತ್ತೇನೆ, ಯಾಕೆ ಹಾಕುತ್ತೇನೆ ಎಂದು ಅವಳು ಕೇಳಿದ್ದೇ ಇಲ್ಲ. ಇದೊಂದಕ್ಕೆ ತಾನಾಗಿ ಕೇಳಿದಳು. ನಾನು ಅವಳ ಮಾತುಗಳನ್ನು ಒಂದಕ್ಷರ ತಿದ್ದದೆ ತುಂಬಿದೆ.

ಸರ್ ಅದನ್ನು ಓದಿ ಫೋನು ಮಾಡಿದರು. ನಿಮ್ಮ ತಾಯಿಯವರನ್ನು ನೋಡಲೇಬೇಕು ಎಂದರು. ಒಂದು ಭಾನುವಾರ ಕಾರು ಮಾಡಿಕೊಂಡು ಬಂದೂ ಬಿಟ್ಟರು. ಅವ್ವ ಮುದ್ದೆ, ಹುರುಳಿಕಾಳಿನ ಸಾರು ಮಾಡಿದ್ದಳು. ಚಾಪೆಯ ಮೇಲೆ ಕೂತು, ಮುದ್ದೆ ನುಂಗಲು ಬಾರದೆ ಅಗಿದು ತಿಂದರು. ದೀಪದ ಕಥೆಯನ್ನು ಅವಳ ಬಾಯಿಂದ ಇನ್ನೊಮ್ಮೆ ಹೇಳಿಸಿಕೊಂಡರು. ಎರಡನೇ ಸಲ ಹೇಳುವಾಗ ಅವ್ವ ಅತ್ತಳು. ಅದನ್ನು ಅವರು ತಮ್ಮ ಫೋನಿನಲ್ಲಿ ರೆಕಾರ್ಡು ಮಾಡಿಕೊಂಡರು. ಹೊರಡುವಾಗ ಎಳನೀರು ಕುಡಿದು, ಒಂದು ಗೊನೆ ಕಾರಿನ ಡಿಕ್ಕಿಗೂ ಹಾಕಿಸಿಕೊಂಡರು. ಉಂಡೂ ಹೋದ, ಕೊಂಡೂ ಹೋದ ಅನ್ನುತ್ತಾರಲ್ಲ, ಗಾದೆ ಮಾಡಿದವರು ಇವರನ್ನು ನೋಡಿಯೇ ಮಾಡಿರಬೇಕು.

ಅದಾದ ಸ್ವಲ್ಪ ದಿನಕ್ಕೆ ಡೇಟಾಬೇಸಿನಲ್ಲಿ ‘ಮಾಹಿತಿ ಕೊಟ್ಟವರು’ ಎಂಬ ಸಾಲು ಎಲ್ಲ ಕಡೆ ಖಾಲಿಯಾಯಿತು. ಅದರ ಕೆಳಗೆ ‘ಸಂಪಾದಕರು’ ಎಂದು ಬಂದು, ಮುಂದೆ ಸರ್ ಹೆಸರು ಕೂತಿತ್ತು. ಏಕರೂಪತೆಗೋಸ್ಕರ ಮಾಡಿದ್ದಾರೆ ಎಂದರು ಆಫೀಸಿನಲ್ಲಿ. ಇರಬಹುದು ಎಂದುಕೊಂಡೆ. ನಮ್ಮಲ್ಲಿ ಫೋಟೊ ತೆಗೆಯುತ್ತಿದ್ದ ಹುಡುಗನೊಬ್ಬನಿದ್ದ, ಪೇಟೆಯ ಟೈಲರ್ ಒಬ್ಬರ ಮಗ. ಒಂದು ಮಧ್ಯಾಹ್ನ ಅವನು, “ಅಕ್ಕಾ, ಇದನ್ನ ಸ್ವಲ್ಪ ನೋಡಿ” ಎಂದು ಕಂಪ್ಯೂಟರಿನಲ್ಲಿ ಒಂದು ವಿಡಿಯೋ ಹಾಕಿದ. ಇನ್ನೊಂದು ಊರಿನ ಸಂಗ್ರಹಾಲಯದಲ್ಲಿ ಸರ್ ಭಾಷಣ ಮಾಡುತ್ತಿದ್ದರು.

“ನಮ್ಮ ತಾತನವರು ಹಗೇವಿಗೆ ಇಳಿದಾಗ ದೀಪದ ಹಗ್ಗ ಹಿಡಿದಿದ್ದವರು ನಮ್ಮ ತಂದೆ. ಆಗ ಅವರು ಪುಟ್ಟ ಹುಡುಗ. ದೀಪ ಆರಿಹೋಯಿತು. ತಾತ ಏನೆಂದರು ಗೊತ್ತೆ? ಎಣ್ಣೆ ಸಾಲದೇನೋ ಬಿಡು ಮಗಾ ಎಂದರು.” ಇಷ್ಟು ಹೇಳಿ ಕನ್ನಡಕ ತೆಗೆದು ಒರೆಸಿಕೊಂಡರು. ಮುಂದೆ ಕೂತವರೂ ಕಣ್ಣೊರೆಸಿಕೊಂಡರು.

ನನಗೆ ಮೈಯೆಲ್ಲ ಉರಿದುಹೋಯಿತು. ಹೆಸರು ಹೋದರೆ ಹೋಗಲಿ ಎಂದಾದರೂ ಸಹಿಸಿಕೊಳ್ಳುತ್ತಿದ್ದೆನೋ ಏನೋ. ನಮ್ಮ ಮನೆಯ ಸಾವನ್ನೇ ಎತ್ತಿಕೊಂಡು ಹೋಗಿ ತಮ್ಮ ಮನೆಯದು ಮಾಡಿಕೊಂಡಿದ್ದರು. ಅವತ್ತೇ ಫೋನು ಮಾಡಿದೆ.

“ನೋಡಮ್ಮಾ, ಇದು ಎಲ್ಲರೂ ಹಂಚಿಕೊಳ್ಳೋ ಡೇಟಾಬೇಸು. ಇಲ್ಲಿ ನಂದು ನಿಂದು ಅಂತ ಇರೋದಿಲ್ಲ. ಜನಪದಕ್ಕೆ ವಾರಸುದಾರರು ಅಂತ ಯಾರೂ ಇಲ್ಲ” ಎಂದರು.

“ಸರ್, ಸತ್ತಿದ್ದು ನಮ್ಮ ತಾತ.”

“ಪ್ರತಿ ಹಳ್ಳೀಲೂ ಒಬ್ಬ ತಾತ ಹಗೇವಲ್ಲಿ ಸತ್ತಿರ್ತಾನಮ್ಮಾ.”

ನಾನು ದೀಪದ ಪುಟಕ್ಕೆ ಅವ್ವನ ಹೆಸರನ್ನು ಮತ್ತೆ ಹಾಕಿದೆ. ಸಂಜೆಯೊಳಗೆ ಅಳಿಸಿದರು. ಮತ್ತೆ ಹಾಕಿದೆ. ಮರುದಿನದಿಂದ ಹಳೆಯ ಪುಟಗಳನ್ನು ತಿದ್ದುವ ಅನುಮತಿಯೇ ನನಗೆ ಇಲ್ಲದಂತಾಯಿತು. ಹೊಸ ವಸ್ತು ಸೇರಿಸುವುದಕ್ಕೆ ಮಾತ್ರ ದಾರಿ ಬಿಟ್ಟಿದ್ದರು. ಆ ದಾರಿಯೊಂದೇ ಸಾಕು ಎಂದು ನನಗೆ ಹೊಳೆದದ್ದು ನಮ್ಮ ತೋಟದಲ್ಲಿ.

ನಮಗಿರುವುದು ಹಿಡಿಯಷ್ಟು ತೋಟ. ಕಾಯಿ ಕೆಡವಿಸಿದ ದಿನವೇ ಸಾಗಿಸಲು ಗಾಡಿ ಸಿಗದಿದ್ದರೆ ರಾಶಿ ಅಲ್ಲೇ ಬಿದ್ದಿರುತ್ತದೆ. ಆಗ ಅವ್ವ ಒಂದು ಚೆಂಬಿನಲ್ಲಿ ಸುಣ್ಣದ ನೀರು ಕಲೆಸಿ, ಬೇವಿನ ಸೊಪ್ಪಿನಲ್ಲಿ ಅದ್ದಿ ರಾಶಿಯ ಮೇಲೆ ಚಿಮುಕಿಸುತ್ತಾಳೆ. ಯಾರಾದರೂ ಮೇಲಿಂದ ನಾಲ್ಕು ಕಾಯಿ ಎಗರಿಸಿದರೆ ಬಿಳಿ ಚುಕ್ಕೆಯ ನಡುವೆ ಹಸಿರು ಕಾಣುತ್ತದೆ. ಕದ್ದವನ ಮನೆಯ ಹಿತ್ತಲಿನಲ್ಲಿ ಸುಣ್ಣದ ಚುಕ್ಕೆಯ ಕಾಯಿ ಕಾಣುತ್ತದೆ. ಕಾವಲು ಕೂರುವ ಅಗತ್ಯವಿಲ್ಲ. ಆ ದಿನ ಅವಳು ಸುಣ್ಣ ಚಿಮುಕಿಸುವುದನ್ನು ನೋಡುತ್ತ ನಿಂತಿದ್ದೆ. ಯಾಕೇ ಹಂಗೆ ಹಲ್ಕಿರೀತೀಯ ಎಂದು ಬೈದಳು.

ನಮ್ಮ ಕೊಟ್ಟಿಗೆಯಲ್ಲಿ ಒಂದು ಚಿಪ್ಪಿತ್ತು. ತೆಂಗಿನ ಚಿಪ್ಪಿನ ಅರ್ಧಕ್ಕೆ ತೂತು ಮಾಡಿ, ಬಿದಿರಿನ ಹಿಡಿ ಸಿಕ್ಕಿಸಿದ್ದು. ಎಮ್ಮೆಯ ಗಂಜಲ ಕೊಟ್ಟಿಗೆಯ ಮೂಲೆಯ ಗುಂಡಿಗೆ ಹರಿದು ನಿಲ್ಲುತ್ತದಲ್ಲ, ಅದನ್ನು ಮೊಗೆದು ತಿಪ್ಪೆಗೆ ಚೆಲ್ಲುವ ಚಿಪ್ಪು. ವರ್ಷಾನುಗಟ್ಟಲೆ ಅದೇ ಕೆಲಸ ಮಾಡಿ ಕರೀ ಮರದ ಹಾಗೆ ಹೊಳಪು ಬಂದಿತ್ತು. ಅದನ್ನು ಸೀಗೇಪುಡಿ ಹಾಕಿ ತೊಳೆದು ಬ್ಯಾಗಿನಲ್ಲಿಟ್ಟುಕೊಂಡು ಹೋದೆ. ಫೋಟೊದ ಹುಡುಗ ಮೂಗಿನ ಹತ್ತಿರ ಹಿಡಿದು, “ಏನಕ್ಕಾ ಇದು, ಒಂಥರಾ ವಾಸ್ನೆ?” ಎಂದ. ಹೇಳಿದೆ. ಅವನಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ನಗು ನಿಲ್ಲಿಸಿ, “ಇದು ಬೇಕಾ ಅಕ್ಕಾ?” ಎಂದು ಕೇಳಿದ. ಬೇಕು ಎಂದೆ. ಕರೀ ಬಟ್ಟೆಯ ಮೇಲಿಟ್ಟು ಬಹಳ ಚೆನ್ನಾಗಿ ಫೋಟೊ ತೆಗೆದುಕೊಟ್ಟ.

ಹೆಸರಿನ ಜಾಗದಲ್ಲಿ ‘ಕೊಬ್ಬರಿ ಎಬ್ಬಿಸುವ ಚಿಪ್ಪು’ ಎಂದು ಬರೆದೆ. ಒಣಗಿ ಕೊಬ್ಬರಿಯಾಗಲೆಂದು ಅಟ್ಟಕ್ಕೆ ಹಾಕಿದ ಕಾಯಿ ವರ್ಷದ ಹತ್ತಿರ ಬರುವಾಗ, ಅಮಾವಾಸ್ಯೆ ಕಳೆದ ಮುಂಜಾನೆ, ಮನೆಯ ಹಿರಿ ಸೊಸೆ ತಲೆಗೆ ನೀರು ಹಾಕಿಕೊಂಡು ಅಟ್ಟ ಹತ್ತುತ್ತಾಳೆ. ಈ ಚಿಪ್ಪಿನಿಂದ ಒಂದೊಂದು ಕಾಯಿಯನ್ನೂ ಮೂರು ಸಲ ತಟ್ಟಿ ‘ಏಳು ತಾಯಿ’ ಎಂದು ಎಬ್ಬಿಸುತ್ತಾಳೆ. ಹೀಗೆಲ್ಲ ಬರೆಯುತ್ತ ಹೋದೆ. ನಮ್ಮ ಸೀಮೆಯಲ್ಲಿ ಅಟ್ಟದ ಕೆಳಗೆ ಮಲಗಿ ಬೆಳೆದ ಯಾರನ್ನು ಕೇಳಿದರೂ ಬಿದ್ದು ಬಿದ್ದು ನಗುತ್ತಾರೆ. ಅಟ್ಟದ ಕಾಯಿಯನ್ನು ಯಾರೂ ಎಬ್ಬಿಸುವುದಿಲ್ಲ. ಅದರ ಪಾಡಿಗೆ ಅದನ್ನು ಬಿಡುತ್ತಾರೆ. ಒಣಗಿದ ಮೇಲೆ ಅಲ್ಲಾಡಿಸಿದರೆ ಒಳಗೆ ಗುಂಡು ಲೊಟಲೊಟ ಅನ್ನುತ್ತದೆ, ಅಷ್ಟೇ. ಕೊನೆಯ ಸಾಲಿನಲ್ಲಿ ಎಂದಿನಂತೆ ಅವ್ವನ ಹೆಸರು ಹಾಕಿದೆ. ಹೇಗೂ ಅಳಿಸುತ್ತಾರೆ ಎಂಬ ಧೈರ್ಯ.

ಅಳಿಸಿದರು. ಜೊತೆಗೆ ಫೋನು ಬೇರೆ ಮಾಡಿದರು. “ಅದ್ಭುತ ಕಣಮ್ಮಾ! ಇಂಥದ್ದು ಇನ್ನೂ ಸಿಕ್ಕಿದ್ರೆ ಹಾಕು” ಎಂದರು. ಖಂಡಿತ ಸರ್ ಎಂದೆ. ಆಮೇಲೆ ಒಂದು ಮಾತೂ ಆಡದೆ ಕಾದೆ. ಅವರು ಈ ಡೇಟಾಬೇಸನ್ನೇ ಪುಸ್ತಕ ಮಾಡುತ್ತಿದ್ದಾರೆ ಎಂಬ ಸುದ್ದಿ ಬಂದಾಗಲೂ ಬಾಯಿ ಬಿಡಲಿಲ್ಲ. ಅಟ್ಟದ ಕಾಯಿಯನ್ನು ನಡುವೆ ಇಳಿಸಿ ನೋಡಬಾರದು. ಮನೆಯಲ್ಲಿ ಅವ್ವ ಮಾತ್ರ ಕೊಟ್ಟಿಗೆಯಲ್ಲಿ ನಿಂತು, ನನ್ ಗಂಜಲದ್ ಚಿಪ್ಪು ಯಾವ ನಾಯಿ ಕಚ್ಕೊಂಡೋಯ್ತೋ ಎಂದು ದಿನಾ ಗೊಣಗುತ್ತಿದ್ದಳು. ಕೊನೆಗೆ ಪ್ಲಾಸ್ಟಿಕ್ ಜಗ್ಗು ಇಟ್ಟುಕೊಂಡಳು.

ಪುಸ್ತಕದ ಬಿಡುಗಡೆ ನಮ್ಮ ಸಂಗ್ರಹಾಲಯದ ಅಂಗಳದಲ್ಲೇ ಆಯಿತು. ಕುರ್ಚಿ ತುಂಬಬೇಕಲ್ಲ, ಕೊಬ್ಬರಿ ಒಡೆಯುವ ಹೆಂಗಸರನ್ನು ಒಂದು ಟೆಂಪೋದಲ್ಲಿ ಕರೆತಂದು ಮುಂದೆ ಕೂರಿಸಿದ್ದರು. ಅವ್ವನೂ ಬಂದಿದ್ದಳು. ಒಳ್ಳೇ ಸೀರೆ ಉಟ್ಟಿದ್ದಳು. ಅವತ್ತಾದರೂ ತನ್ನ ಅಪ್ಪನ ದೀಪದ ಮಾತು ಬರುತ್ತದೆ ಎಂಬ ಆಸೆ ಅವಳಿಗೆ. ಹೆಸರು ಅಳಿಸಿದ್ದನ್ನಾಗಲಿ, ಆ ವಿಡಿಯೋವನ್ನಾಗಲಿ ನಾನು ಅವಳಿಗೆ ಹೇಳಿರಲಿಲ್ಲ.

ಸರ್ ಮಾತಿಗೆ ನಿಂತರು. ಮೇಜಿನ ಮೇಲೆ ರೇಷ್ಮೆ ಬಟ್ಟೆ ಹಾಸಿ ನಾಲ್ಕೈದು ವಸ್ತು ಇಟ್ಟಿದ್ದರು. ಅವುಗಳಲ್ಲಿ ದೀಪ ಇರಲಿಲ್ಲ, ಚಿಪ್ಪಿತ್ತು. ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು.

“ಇದನ್ನ ನೋಡಿದಾಗಲೆಲ್ಲ ನನಗೆ ನಮ್ಮ ಅಜ್ಜಿ ಕಣ್ಣ ಮುಂದೆ ಬರ್ತಾರೆ. ಬೆಳಗಿನ ಜಾವ ಸ್ನಾನ ಮಾಡಿ, ಮಡಿಯುಟ್ಟು, ಈ ಚಿಪ್ಪು ಹಿಡಿದು ಅಟ್ಟ ಹತ್ತೋರು. ಏಳು ತಾಯಿ, ಏಳು ತಾಯಿ ಅಂತ ಕೊಬ್ಬರಿಯನ್ನ ಎಬ್ಬಿಸೋರು.” ಹೀಗೆಂದು ಚಿಪ್ಪನ್ನು ಒಂದು ಕಣ್ಣಿಗೆ ಒತ್ತಿಕೊಂಡರು, ಆಮೇಲೆ ಇನ್ನೊಂದು ಕಣ್ಣಿಗೆ.

ಮುಂದಿನ ಸಾಲಿನಲ್ಲಿ ಸೆರಗುಗಳು ಬಾಯಿಗೆ ಹೋದವು. ಒಬ್ಬಳು ಇನ್ನೊಬ್ಬಳ ತೊಡೆ ಚಿವುಟಿದಳು. ಅವ್ವನ ಜೊತೆ ಒಂದೇ ಶೆಡ್ಡಿನಲ್ಲಿ ಕೆಲಸ ಮಾಡುವ ನಮ್ಮ ಪಕ್ಕದ ಮನೆಯ ದೊಡ್ಡವ್ವ ಎದ್ದು ನಿಂತು ಅವ್ವನ ಕಡೆ ಕೈ ತೋರಿಸಿದಳು. ಆಕೆಗೆ ಮೆಲ್ಲಗೆ ಮಾತಾಡುವುದು ಹುಟ್ಟಾ ಗೊತ್ತಿಲ್ಲ.

“ಅಲ್ಲ ಸ್ವಾಮಿ, ಅದು ಗಂಜಲ ಮೊಗಿಯೋ ಚಿಪ್ಪು ಕಣ್ರೀ! ಇವಳ ಕೊಟ್ಟಿಗೇದು, ಎಷ್ಟು ಕಿತ ನಾನೇ ಇಸ್ಕೊಂಡೋಗಿವ್ನಿ. ನಿಮ್ಮಜ್ಜಿ ಗಂಜಲದ್ ಚಿಪ್ಪು ಹಿಡ್ಕಂಡು ಅಟ್ಟಕ್ಯಾಕೋಗೋರು?”

ಅಂಗಳವೇ ನಕ್ಕಿತು. ಮೈಕು ಹಿಡಿದಿದ್ದವನು ನಕ್ಕ, ಬೊಕೆ ಹಿಡಿದು ನಿಂತಿದ್ದ ಹುಡುಗಿಯರು ನಕ್ಕರು. ವೇದಿಕೆಯ ಮೇಲಿದ್ದ ಅತಿಥಿಗಳು ಶಾಲಿನಲ್ಲಿ ಮುಖ ಮುಚ್ಚಿಕೊಂಡು ನಕ್ಕರು. ಸರ್ ಚಿಪ್ಪನ್ನು ಮೇಜಿನ ಮೇಲೆ ಇಟ್ಟು, ಕಣ್ಣು ಒರೆಸಿಕೊಳ್ಳಲು ಕರ್ಚೀಫು ಹುಡುಕಿದರು. ಹುಡುಕುತ್ತಲೇ ನನ್ನನ್ನು ನೋಡಿದರು. ನಾನು ಕಣ್ಣು ತಪ್ಪಿಸಲಿಲ್ಲ. ಆ ಖುಷಿಯನ್ನು ಮುಚ್ಚಿಟ್ಟು ನನಗೇನೂ ಆಗಬೇಕಾಗಿಲ್ಲ. ಕೆಲಸ ಸಿಕ್ಕಿದ ದಿನವೂ ನನಗೆ ಅಷ್ಟು ಖುಷಿಯಾಗಿರಲಿಲ್ಲ. ನಮ್ಮ ತಾತನನ್ನು ಕದ್ದವರ ಅಜ್ಜಿಯನ್ನು ಕೊಟ್ಟಿಗೆಯಲ್ಲಿ ನಿಲ್ಲಿಸಿದೆ ಎಂದು ಒಳಗೇ ಹೇಳಿಕೊಂಡೆ.

ನಗದೆ ಕೂತಿದ್ದವಳು ಅವ್ವ ಒಬ್ಬಳೇ. ಬಸ್ಸಿನಲ್ಲಿ ತುರುವೇಕೆರೆ ದಾಟಿದ ಮೇಲೆ, “ಚಿಪ್ಪು ನೀನೇ ಒಯ್ದಿದ್ದಾ?” ಎಂದು ಕೇಳಿದಳು. ಹೂಂ ಎಂದೆ. “ದೀಪದ್ ಇಸ್ಯ ಬರ್ಲೇ ಇಲ್ವಲ್ಲೇ” ಎಂದು ಕಿಟಕಿಯ ಕಡೆಗೆ ತಿರುಗಿದಳು. ಆಗ ಹೇಳಿದೆ, ಎಲ್ಲವನ್ನೂ. ವಿಡಿಯೋದ ಮಾತು ಬಂದಾಗ ಅವಳು ನನ್ನ ಕೈ ಹಿಡಿದುಕೊಂಡಳು. “ನನ್ ಕೈಲಿದ್ದ ಹಗ್ಗಾನ ಅವ್ರಪ್ಪನ್ ಕೈಗ್ ಕೊಟ್ಟವ್ರಾ?” ಎಂದಳು. ನಾಳೆಯೇ ಎಲ್ಲ ಸರಿಮಾಡಿಸುತ್ತೇನೆ ಅವ್ವ ಎಂದು ಮಾತು ಕೊಟ್ಟೆ.

ಮರುದಿನ ಟ್ರಸ್ಟಿನ ಕಾರ್ಯದರ್ಶಿಗಳು ನನ್ನನ್ನೂ ಸರ್ ಅವರನ್ನೂ ಎದುರುಬದುರು ಕೂರಿಸಿದರು. ಅವರು ಮಂಡಿ ವ್ಯಾಪಾರಿ, ಜಗಳ ಬೇಗ ಮುಗಿದರೆ ಸಾಕು ಎನ್ನುವ ಮನುಷ್ಯ. ನಾನು ಸುಣ್ಣದ ಲೆಕ್ಕವನ್ನು ಹೆಮ್ಮೆಯಿಂದಲೇ ಹೇಳಿದೆ. ಚಿಪ್ಪಿನ ಕಥೆ ನನ್ನ ತಲೆಯಿಂದ ಬಂದದ್ದು, ಉಳಿದದ್ದೆಲ್ಲ ನನ್ನ ಅವ್ವನ ಬಾಯಿಂದ ಬಂದದ್ದು, ಕದಿಯದವರಾದರೆ ಇದು ಅವರ ಹಿತ್ತಲಿನಲ್ಲಿ ಹೇಗೆ ಸಿಕ್ಕಿತು ಎಂದು ಕೇಳಿದೆ. ದೀಪದ ಪುಟಕ್ಕೆ ಅವ್ವನ ಹೆಸರು ಈಗಲೇ ಬರಬೇಕು ಎಂದೆ. ಸರ್ ಅಷ್ಟು ಹೊತ್ತೂ ತಲೆ ತಗ್ಗಿಸಿ ಕೂತಿದ್ದರು. ಈಗ ಎತ್ತಿದರು.

“ಒಂದು ಸುಳ್ಳು ಬರೆದೆ ಅಂತ ಇವಳೇ ಒಪ್ಪಿಕೊಂಡಳು. ಚಿಪ್ಪು ಸುಳ್ಳಾದ ಮೇಲೆ ದೀಪ ನಿಜ ಅಂತ ಹೇಗೆ ನಂಬೋದು?”

ನಮ್ಮ ತಾತ ಸತ್ತದ್ದಕ್ಕೆ ಅವ್ವನ ಮಾತೊಂದನ್ನು ಬಿಟ್ಟರೆ ಈ ಲೋಕದಲ್ಲಿ ಸಾಕ್ಷಿಯೇ ಇಲ್ಲ. ಕಾರ್ಯದರ್ಶಿಗಳು ಇಬ್ಬರ ಮುಖವನ್ನೂ ನೋಡಿ ತೀರ್ಮಾನ ಹೇಳಿದರು. ಸರ್ ಸಂಯೋಜಕರಾಗಿ ಮುಂದುವರಿಯುವುದು ಬೇಡ, ಪುಸ್ತಕ ಮಾರುವುದು ಬೇಡ. ನಾನೂ ಬೇರೆ ಕಡೆ ಕೆಲಸ ನೋಡಿಕೊಳ್ಳಬೇಕು. ನಾನು ತುಂಬಿದ ಪುಟಗಳನ್ನೆಲ್ಲ ನಾನು ಬರುವ ಮುಂಚಿನ ಚೀಟಿಗಳಲ್ಲಿ ಇದ್ದ ಹಾಗೆ ಮಾಡಬೇಕು. ಚಿಪ್ಪಿನ ಪುಟವನ್ನು ಮಾತ್ರ ಹಾಗೇ ಉಳಿಸಿ, ಅಳಿಸಿದ ಹೆಸರನ್ನು ವಾಪಸು ಹಾಕಿ, ಕೆಳಗೊಂದು ಷರಾ ಬರೆಯಬೇಕು. ಮುಂದೆ ಬರುವವರಿಗೆ ಎಚ್ಚರಿಕೆ ಇರಲಿ ಎಂದು. ಆ ಹೆಸರು ಹಾಕಿದವಳು ನಾನು, ಅವ್ವನಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಕೂಗಿಕೊಂಡೆ. ಕಂಪ್ಯೂಟರಿನಲ್ಲಿ ಏನಿದೆಯೋ ಅದು ತಾನೇ ದಾಖಲೆ ಕಣಮ್ಮಾ ಎಂದರು.

ಸರ್ ಈಗ ಸಭೆಗಳಿಗೆ ಬರುವುದಿಲ್ಲ. ಅವರ ಪುಸ್ತಕದ ಕಟ್ಟುಗಳು ಟ್ರಸ್ಟಿನ ಉಗ್ರಾಣದಲ್ಲಿ ಗೆದ್ದಲು ಹಿಡಿಯುತ್ತಿವೆಯಂತೆ. ‘ಗಂಜಲದ ಮೇಷ್ಟ್ರು’ ಎಂಬ ಹೆಸರು ಪಕ್ಕದ ಜಿಲ್ಲೆಯವರೆಗೂ ಹೋಗಿದೆ. ಕೇಳಿದಾಗಲೆಲ್ಲ ನನಗೆ ಹೊಟ್ಟೆ ತಣ್ಣಗಾಗುತ್ತದೆ. ಕನಿಕರ ಇನ್ನೂ ಹುಟ್ಟಿಲ್ಲ, ಹುಟ್ಟುವುದೂ ಬೇಡ. ನಾನು ಚಿಕ್ಕನಾಯಕನಹಳ್ಳಿಯ ಒಂದು ಶಾಲೆಯ ಆಫೀಸಿನಲ್ಲಿ ಕೆಲಸ ಮಾಡಿಕೊಂಡಿದ್ದೇನೆ.

ಹೋದ ಭಾನುವಾರ ಜಗಲಿಯ ಮೇಲೆ ಕೂತಿದ್ದಾಗ, ನನ್ನೆಸ್ರು ಅದ್ರಲ್ಲಿ ಬಂತಾ, ತೋರ್ಸು ನೋಡಾನ ಎಂದು ಅವ್ವ ಮತ್ತೆ ಕೇಳಿದಳು. ಇಷ್ಟು ದಿನ ಏನೇನೋ ನೆಪ ಹೇಳಿ ತಳ್ಳಿದ್ದೆ. ಅವತ್ತು ಫೋನನ್ನು ಕೈಯಿಂದಲೇ ಕಿತ್ತುಕೊಂಡಳು. ಹುಡುಕುವ ಜಾಗದಲ್ಲಿ ಅವಳ ಹೆಸರು ಹಾಕಿಕೊಟ್ಟೆ. ಒಂದೇ ಒಂದು ಪುಟ ಬಂತು. ಕರೀ ಬಟ್ಟೆಯ ಮೇಲೆ ಹೊಳೆಯುವ ಚಿಪ್ಪನ್ನು ನೋಡಿ ಮೊದಲು ನಕ್ಕಳು. ಅವ್ವ ಓದುತ್ತಾಳೆ, ನಿಧಾನಕ್ಕೆ, ಅಕ್ಷರ ಕೂಡಿಸಿಕೊಂಡು. ಮಾಹಿತಿ ಕೊಟ್ಟವರು ಎಂಬುದನ್ನು ಓದಿದಳು. ತನ್ನ ಹೆಸರನ್ನು ಓದಿದಳು. ಅದರ ಕೆಳಗಿನ ಸಾಲಿಗೆ ಬೆರಳಿಟ್ಟು, “ಇವರು ಕೊಟ್ಟ ಮಾಹಿತಿ ಸುಳ್ಳು” ಎಂದು ಓದಿ ಮುಗಿಸಿದಳು.

ಬೆರಳು ಅಲ್ಲೇ ಇತ್ತು.

“ಹಂಗಾರೆ ನಮ್ಮಪ್ಪ ಇಳ್ದಿದ್ದೂ ಸುಳ್ಳಾ?” ಎಂದು ಕೇಳಿದಳು.

ನಾನು ಫೋನು ಇಸಿದುಕೊಂಡೆ. ದೀಪದ ಪುಟವನ್ನು ಅವಳಿಗೆ ತೋರಿಸಲಿಲ್ಲ. ಅದರಲ್ಲಿ ಈಗ ಯಾರ ಹೆಸರೂ ಇಲ್ಲ. ತೂಗುದೀಪ, ದೇವಸ್ಥಾನದ್ದು ಇರಬಹುದು ಎಂದಿದೆ.